ಮುಂದೆ ನಾಯಿ, ಹಿಂದೆ ನಾನು

ಆ ನಾಯಿ ನಮ್ಮ ಮನೆಗೆ ಬಂದದ್ದು ಕಾರಿನ ಹಿಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ ಗಂಭೀರವಾಗಿ ಕೂತು. ಕಾರು ಓಡಿಸುತ್ತಿದ್ದವನು ನನ್ನ ಹೆಂಡತಿಯ ತಮ್ಮ, ತುಮಕೂರಿನಲ್ಲಿ ಬ್ಯಾಂಕಿನ ಅಧಿಕಾರಿ. ಇಬ್ಬರಲ್ಲಿ ಅಧಿಕಾರಿ ಯಾರು ಎಂದು ಗುರುತಿಲ್ಲದವರನ್ನು ಕೇಳಿದ್ದರೆ ನಾಯಿಯನ್ನೇ ತೋರಿಸುತ್ತಿದ್ದರು. ಅವನಿಗೆ ಬೇರೆ ರಾಜ್ಯಕ್ಕೆ ವರ್ಗವಾಗಿತ್ತು. ಅಲ್ಲಿ ಕೊಟ್ಟ ಮನೆಯಲ್ಲಿ ನಾಯಿ ಸಾಕುವಂತಿರಲಿಲ್ಲ.

"ಸ್ವಲ್ಪ ದಿನ ಅಷ್ಟೆ ಭಾವ. ವಾಪಸ್ ಬಂದ ತಕ್ಷಣ ಕರ್ಕೊಂಡು ಹೋಗ್ತೀನಿ" ಎಂದ. ಅಷ್ಟರಲ್ಲಿ ಅವನ ಅಕ್ಕ ನಾಯಿಯ ಮುಂದೆ ಮೊಸರನ್ನದ ತಟ್ಟೆ ಇಟ್ಟಾಗಿತ್ತು. ನನ್ನ ಒಪ್ಪಿಗೆ ಕೇಳಿದ್ದು ಬರೀ ಶಿಷ್ಟಾಚಾರಕ್ಕೆ.

ಹಾಸಿಗೆಗೆ ತುಂಬುವಷ್ಟು ಕೂದಲು, ಸುರುಳಿ ಬಾಲ, ತಿಳಿನೀಲಿ ಕಣ್ಣು. ಹುಟ್ಟಿದಾಗಿನಿಂದ ಏಸಿಯಲ್ಲಿ ಬೆಳೆದದ್ದು, ಸೋಫಾದ ಮೇಲೆ ಮಲಗಿ ಅಭ್ಯಾಸ. ಅದಕ್ಕೆ ಇಂಗ್ಲೆಂಡಿನ ಯಾವುದೋ ರಾಜಕುಮಾರನ ಹೆಸರಿಟ್ಟಿದ್ದರು. ಕಿಬ್ಬನಹಳ್ಳಿಯ ಹತ್ತಿರದ ತೆಂಗಿನ ತೋಟದಲ್ಲಿ ನಿಂತು ಆ ಹೆಸರನ್ನು ಗಟ್ಟಿಯಾಗಿ ಕೂಗುವುದು ನನ್ನ ವಯಸ್ಸಿನವನಿಗೆ ಆಗುವ ಕೆಲಸವಲ್ಲ. ನನ್ನ ಹೆಂಡತಿ "ಕಂದಾ" ಎಂದು ಕರೆದಳು. ನಾನು "ಏಯ್" ಎಂದೆ.

ನನ್ನ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಿಬಿಡಬೇಕು. ಸುತ್ತಲ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬದುವಿನ ಮರಕ್ಕೋ ಬೋರ್‌ವೆಲ್ಲಿನ ನೀರಿಗೋ ಕಿತ್ತಾಡಿಕೊಂಡರೆ ನ್ಯಾಯಕ್ಕೆಂದು ನಮ್ಮ ಜಗಲಿಗೆ ಬರುತ್ತಾರೆ. ಕೋರ್ಟಿಗಿಂತ ಬೇಗ ಮುಗಿಯುತ್ತದೆ, ಕಾಫಿಯೂ ಸಿಗುತ್ತದೆ. ಎಲ್ಲರೂ ಯಜಮಾನ್ರು ಎನ್ನುತ್ತಾರೆ. ಹಾಗೆ ಅನ್ನಿಸಿಕೊಂಡು ಬಹಳ ಕಾಲವಾದರೆ ಮನುಷ್ಯನಿಗೆ ತಾನು ಏನು ಮಾಡುತ್ತಿದ್ದೇನೆ ಎನ್ನುವುದಕ್ಕಿಂತ ಯಾರು ನೋಡುತ್ತಿದ್ದಾರೆ ಎನ್ನುವುದೇ ದೊಡ್ಡ ಚಿಂತೆಯಾಗುತ್ತದೆ. ಈ ಕಾಯಿಲೆ ನನಗೆ ಹಿಡಿದು ಗಟ್ಟಿಯಾಗಿತ್ತು.

ನಾಯಿ ಬಂದ ಮಾರನೇ ದಿನ ಕಿಬ್ಬನಹಳ್ಳಿಯ ಹೋಟೆಲಿನಲ್ಲಿ ಕೂತು ಅದರ ವಂಶಾವಳಿಯ ಬಗ್ಗೆ ಒಂದು ಉಪನ್ಯಾಸವನ್ನೇ ಮಾಡಿದೆ. ಉತ್ತರದ ಹಿಮದ ದೇಶಗಳಲ್ಲಿ ಇವೇ ಎತ್ತುಗಳಂತೆ, ಚಕ್ರವಿಲ್ಲದ ಗಾಡಿಗೆ ಸಾಲಾಗಿ ಕಟ್ಟಿದರೆ ಹಗಲೆಲ್ಲ ಓಡುತ್ತವಂತೆ, ಊರಿಂದೂರಿಗೆ ಔಷಧ ಸಾಗಿಸಿ ಜೀವ ಉಳಿಸಿದ ಜಾತಿಯಂತೆ. ನಮ್ಮ ದಾಯಾದಿ ತಮ್ಮ, ಪಕ್ಕದ ತೋಟದವನು, ಬೋಂಡಾ ಮುರಿಯುತ್ತ ಎಲ್ಲ ಕೇಳಿಸಿಕೊಂಡ.

"ಹಂಗಾರೆ ಟ್ರ್ಯಾಕ್ಟರ್ ಮಾರ್ಬುಡು ಅಣ್ಣ. ಡೀಸೆಲ್ಲಾದ್ರೂ ಉಳೀತದೆ."

ಹೋಟೆಲೆಲ್ಲ ನಕ್ಕಿತು. ನಾನೂ ದೊಡ್ಡ ಮನಸ್ಸು ಮಾಡಿ ನಕ್ಕೆ.

ಹಿಮದ ಮೇಲೆ ಓಡಿದ ವಂಶದ ಆ ಕುಡಿ ನಮ್ಮ ಮನೆಯಲ್ಲಿ ಬಚ್ಚಲನ್ನು ಹಿಡಿಯಿತು. ಒದ್ದೆ ನೆಲಕ್ಕೆ ಹೊಟ್ಟೆ ಒತ್ತಿ ಮಲಗಿದರೆ ಏಳುತ್ತಿರಲಿಲ್ಲ. ಸ್ನಾನಕ್ಕೆ ಹೋಗುವವರು ಅದರ ಅನುಮತಿ ಬೇಡಬೇಕಿತ್ತು. ಯಾರು ಬಂದರೂ ಬೊಗಳದು. ಒಂದು ಮಧ್ಯಾಹ್ನ ಅಪರಿಚಿತನೊಬ್ಬ ಹಿತ್ತಲಿನಿಂದ ಕಾಯಿ ಎತ್ತಿಕೊಂಡು ಹೋದಾಗ ಬೇಲಿಯವರೆಗೂ ಜೊತೆಗೆ ಹೋಗಿ ಬೀಳ್ಕೊಟ್ಟು ಬಂತು.

ಸ್ವಲ್ಪ ನಡೆದಾಡಿಸಿದರೆ ಸರಿಹೋದೀತು ಎಂದು ಒಂದು ಸಂಜೆ ಬಿಳಿ ಪಂಚೆ ಉಟ್ಟು, ಹಗ್ಗ ಹಿಡಿದು ಹೊರಟೆ. ಹೆದ್ದಾರಿಯ ಬಸ್ ನಿಲ್ಲುವ ಜಾಗದವರೆಗೆ ಅದು ಸಭ್ಯವಾಗಿಯೇ ನಡೆಯಿತು. ಅಲ್ಲಿ ಒಂದು ಮೇಕೆ ಅಡ್ಡ ಬಂತು. ಆಮೇಲೆ ನಡೆದದ್ದನ್ನು ನಾನು ಪೂರ್ತಿ ನೋಡಲಿಲ್ಲ, ಏಕೆಂದರೆ ಹೆಚ್ಚು ಹೊತ್ತು ನನ್ನ ಮುಖ ನೆಲದ ಕಡೆಗಿತ್ತು. ಹಗ್ಗ ಬಿಡಬಹುದಿತ್ತು. ಬಿಟ್ಟರೆ ಸೋತಂತೆ ಎಂದು ಬಿಡಲಿಲ್ಲ. ಪಂಚೆ ಮಾತ್ರ ನನ್ನನ್ನು ಕೇಳದೆಯೇ ಬಿಟ್ಟುಹೋಯಿತು. ಬಸ್ಸಿನ ಕಿಟಕಿಗಳ ತುಂಬ ಮುಖಗಳು. ಕಂಡಕ್ಟರು ಇಳಿದು ಬಂದು ಪಂಚೆ ಎತ್ತಿಕೊಟ್ಟ, ಅದೂ ಎರಡು ಕೈಯಲ್ಲಿ, ಸನ್ಮಾನದ ಶಾಲು ಕೊಟ್ಟ ಹಾಗೆ.

ಅಂದಿನಿಂದ ನಾಯಿಯನ್ನು ಹೊರಗೆ ಕರೆದೊಯ್ಯುವುದನ್ನು ನಿಲ್ಲಿಸಿದೆ. ಹಿತ್ತಲಿನ ಕಂಬಕ್ಕೆ ಕಟ್ಟಿದೆ. ಅದು ಅನ್ನ ಬಿಟ್ಟಿತು. ಮೈ ತುಂಬ ಇದ್ದ ಕೂದಲಿನ ಒಳಗೆ ಪಕ್ಕೆಲುಬು ಕೈಗೆ ಸಿಗತೊಡಗಿತು. ಜೊತೆಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕತ್ತೆತ್ತಿ ಊಳಿಡಲು ಶುರುಮಾಡಿತು. ನಮ್ಮ ಕಡೆ ನಾಯಿ ಊಳಿಟ್ಟರೆ ಯಾರಿಗೋ ಕರೆ ಬಂದಿದೆ ಎಂದು ಅರ್ಥ. ದಾಯಾದಿ ತಮ್ಮನ ತಾಯಿ, ನನ್ನ ಚಿಕ್ಕಮ್ಮ, ಆಗ ಹಾಸಿಗೆ ಹಿಡಿದಿದ್ದರು.

ತಮ್ಮ ಬಂದು ಜಗಲಿಯ ತುದಿಗೆ ಕೂತ. "ಅಣ್ಣ, ಅವ್ವ ಹೆದ್ರುಕೊತೈತೆ. ಎಲ್ಲಾದ್ರೂ ದೂರ ಬುಟ್ಟು ಬಾ ಅದನ್ನ."

"ನೀನೂ ಅಂಥದ್ದೆಲ್ಲ ನಂಬ್ತೀಯೇನ್ಲಾ?"

"ನಾನೆಲ್ಲಿ ನಂಬ್ತೀನಿ? ನಂಬೋದು ಅವ್ವ. ಹೆದ್ರೋದು ನಾನು."

ನಾನು ಶಾಲೆಗಳಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿದವನು. ಆದರೂ ಆ ಊಳು ಎದ್ದಾಗ ನನ್ನ ಬೆನ್ನೂ ಜುಮ್ಮೆನ್ನುತ್ತಿತ್ತು. ಇದನ್ನು ಯಾರಿಗೆ ಹೇಳಲಿ?

ತಿಪಟೂರಿಗೆ ಕರೆದುಕೊಂಡು ಹೋಗಿ ದನದ ಡಾಕ್ಟರಿಗೆ ತೋರಿಸಿದೆವು. ಅವರು ಕಣ್ಣು, ಹಲ್ಲು, ಹೊಟ್ಟೆ ಎಲ್ಲ ನೋಡಿದರು. "ಕಾಯಿಲೆ ಏನೂ ಇಲ್ಲ ಸಾರ್. ಕೆಲಸ ಇಲ್ಲ, ಅಷ್ಟೆ. ತಿಂದು ಕೂರೋಕೆ ಹುಟ್ಟಿದ್ದಲ್ಲ ಇದು. ಹೀಗೇ ಕಟ್ಟಿ ಹಾಕಿದ್ರೆ ಉಳಿಯಲ್ಲ." ನನ್ನ ಹೆಂಡತಿ ನಾಯಿಯನ್ನು ನೋಡದೆ ನನ್ನನ್ನು ನೋಡಿದಳು.

ಕೆಲಸ ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ಬೆಳಗಿನ ಜಾವ ಅವಳು ನಾಯಿಯನ್ನೂ ಕರೆದುಕೊಂಡು ಉದುರಿದ ಕಾಯಿ ಆಯಲು ತೋಟಕ್ಕೆ ಹೋದಳು. ಎರಡೂ ಕೈ ಬೇಕಲ್ಲ, ಹಗ್ಗವನ್ನು ಅಲ್ಲೇ ಬಿದ್ದಿದ್ದ ಒಂದು ಒಣಗರಿಯ ಬುಡಕ್ಕೆ ಕಟ್ಟಿದಳು. ಅಳಿಲು ಕಂಡು ನಾಯಿ ಎಳೆಯಿತು. ಹಿಂದೆ ಇಡೀ ಗರಿ ಸರಸರ ಎಂದು ಬಂತು. ಅದು ಹೆದರಿ ಓಡಿತು, ಗರಿಯೂ ಓಡಿ ಬಂತು. ಒಂದು ಸಾಲು ಮರ ದಾಟುವಷ್ಟರಲ್ಲಿ ಹೆದರಿಕೆ ಹೋಗಿ ಬೇರೇನೋ ಬಂದಿತ್ತು. ನಾನು ಹಲ್ಲುಜ್ಜುತ್ತ ಅಲ್ಲಿಗೆ ಹೋದಾಗ ನಾಯಿ ನಾಲಗೆ ಚಾಚಿ ನಿಂತಿತ್ತು. ಮುಖದ ಮೇಲೆ ಹೊಸದಾಗಿ ನೌಕರಿ ಸಿಕ್ಕವನ ಕಳೆ. ನನ್ನ ಹೆಂಡತಿ ಕಾಯಿಯ ಮಂಕರಿ ಬಿಟ್ಟು ನೆಲದ ಮೇಲೆ ಕೂತು ನಗುತ್ತಿದ್ದಳು.

ತೆಂಗಿನ ತೋಟದಲ್ಲಿ ಗರಿ ಬೀಳುವುದಕ್ಕೆ ವಿರಾಮವಿಲ್ಲ. ಬಿದ್ದದ್ದನ್ನು ಎಳೆದು ಮೂಲೆಯ ರಾಶಿಗೆ ಹಾಕಬೇಕು, ಬಚ್ಚಲ ಒಲೆಗೆ ಅದೇ ಉರುವಲು. ಹಿಮ ಇಲ್ಲ, ಗಾಡಿ ಇಲ್ಲ. ಆದರೆ ಒಣಗಿದ ಗರಿಯನ್ನು ಬುಡ ಹಿಡಿದು ಎಳೆದರೆ ಅದು ಜಾರುವ ರೀತಿಯೇ ಬೇರೆ. ಈ ಭಾಗದ ಮಕ್ಕಳೆಲ್ಲ ಅದರ ಮೇಲೆ ಕೂತು ಎಳೆಸಿಕೊಂಡವರೇ. ಆ ನಾಯಿಯ ಮಟ್ಟಿಗೆ ಉತ್ತರ ದೇಶ ಇಲ್ಲೇ ಸಿಕ್ಕಿತ್ತು.

ಕೆಲಸವನ್ನು ಕ್ರಮಬದ್ಧಗೊಳಿಸುವ ಹೊಣೆಯನ್ನು ನಾನು ಹೊತ್ತೆ, ಹೊತ್ತ ಕೂಡಲೇ ಕೆಡಿಸಿದೆ. ತಲೆಮಾರುಗಳಿಂದ ಎತ್ತು ಕಟ್ಟಿದ ಮನೆತನ ನಮ್ಮದು. ಎಳೆಯುವ ಪ್ರಾಣಿ ಎಂದರೆ ಕೊರಳಿಗೆ ಕಟ್ಟುವುದು ಎಂದು ಬಿಟ್ಟರೆ ಬೇರೆ ಗೊತ್ತಿಲ್ಲ. ಕರುವಿನ ಕೊರಳಪಟ್ಟಿ ಹಾಕಿ ಹಸಿಗರಿ ಕಟ್ಟಿದೆ. ನಾಯಿ ನಾಲ್ಕು ಹೆಜ್ಜೆ ಎಳೆದು ಕೆಮ್ಮಿ ಕೆಮ್ಮಿ ಕಣ್ಣು ಕೆಂಪು ಮಾಡಿಕೊಂಡಿತು.

"ಎತ್ತಿಗಾದ್ರೆ ಹಿಣಿಲು ಇರುತ್ತೆ ಕಣ್ರೀ, ನೊಗ ತಡೆಯೋಕೆ. ಇದಕ್ಕೆ ಎಲ್ಲಿದೆ?" ಎಂದಳು ಹೆಂಡತಿ. ಜಗಲಿಗೆ ಬಂದು ಫೋನಿನಲ್ಲಿ ಹಿಮದ ದೇಶದ ನಾಯಿಗಳ ವಿಡಿಯೋ ಹುಡುಕಿ ತೋರಿಸಿದಳು. ಪಟ್ಟಿ ಎದೆಗೆ ಇತ್ತು.

ಹಾಗಾಗಿ ನಾಯಿಯೊಂದಿಗೆ ನಾನು ನನ್ನ ಜುಬ್ಬ ಹೊಲಿಯುವ ತಿಪಟೂರಿನ ದರ್ಜಿಯ ಅಂಗಡಿ ಹತ್ತಿದೆ. ಹಳೇ ಕಾರಿನ ಸೀಟ್ ಬೆಲ್ಟನ್ನೂ ಒಳಗೆ ಮೆತ್ತೆ ಕೊಡಲು ಕಂಬಳಿಯ ತುಂಡನ್ನೂ ಒಯ್ದಿದ್ದೆ.

ದರ್ಜಿ ಕನ್ನಡಕ ಮೇಲೆ ಮಾಡಿ ಗಿರಾಕಿಯನ್ನು ನೋಡಿದರು. "ನಮಾಜಿಗೆ ಹೊತ್ತಾಯ್ತು ಯಜಮಾನ್ರೇ. ಅದು ನೆಕ್ಕಿದ್ರೆ ನಾನು ಮತ್ತೆ ತೊಳ್ಕೋಬೇಕು. ನೀವೇ ಟೇಪ್ ಹಿಡೀರಿ, ನಾನು ಬರ್ಕೊತೀನಿ."

ಫುಟ್‌ಪಾತಿನಲ್ಲಿ ಮಂಡಿಯೂರಿ ನಾಯಿಯ ಎದೆ ಅಳೆದೆ.

"ಅರೆ, ಎದೆ ನಿಮ್ದಕ್ಕಿಂತ ಚೆನ್ನಾಗೈತೆ. ಜೇಬು ಇಡ್ಲಾ?"

"ತಮಾಷೆ ಬೇಡ ಭಾಯಿ. ಇದು ಯಾರಿಗೂ ಗೊತ್ತಾಗೋದು ಬೇಡ."

"ಯಾಕೆ, ಕದ್ದ ನಾಯೀನಾ?"

ಅಲ್ಲ ಎಂದೆ. ಟ್ರ್ಯಾಕ್ಟರ್ ಇರುವ ಮನೆಯ ಯಜಮಾನ ನಾಯಿಯ ಕೈಲಿ ಗರಿ ಎಳೆಸುತ್ತಾನೆ ಎಂದರೆ ಜನ ಜಿಪುಣ ಎನ್ನುತ್ತಾರೆ, ಇಲ್ಲವೇ ಹುಚ್ಚ ಎನ್ನುತ್ತಾರೆ. ಎರಡರಲ್ಲಿ ಯಾವುದು ವಾಸಿ ಎಂದು ತೀರ್ಮಾನಿಸಲಾಗದೆ ಗುಟ್ಟಾಗಿಡುವುದೇ ಕ್ಷೇಮ ಎಂದುಕೊಂಡಿದ್ದೆ.

ಎದೆಪಟ್ಟಿ ಚೆನ್ನಾಗಿ ಕೂತಿತು. ಆದರೆ ನಾನು ಹಗ್ಗ ಹಿಡಿದು ಮುಂದೆ ನಡೆದರೆ ನಾಯಿ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಪಕ್ಕಕ್ಕೆ ಸರಿದೆ, ನನ್ನ ಮುಖ ನೋಡುತ್ತ ನಿಂತಿತು. ಬೇಸತ್ತು ಹಿಂದೆ ಹೋಗಿ ಗರಿಯ ತುದಿಯ ಹತ್ತಿರ ನಿಂತೆ ನೋಡಿ, ಬಿಟ್ಟ ಬಾಣದಂತೆ ಹೊರಟಿತು. ಮುಂದೆ ಯಾರೂ ಇರಬಾರದು, ಹಿಂದೆ ಒಬ್ಬ ಬರಬೇಕು, ಅದು ಅದರ ಕರಾರು. ಉತ್ತವರು ಎತ್ತಿನ ಹಿಂದೆ ನಡೆದವರು. ನಾನು ಆಳುಗಳ ಕೈಲಿ ಉಳುಮೆ ಮಾಡಿಸಿದವನು, ಯಾವ ಪ್ರಾಣಿಯ ಹಿಂದೆಯೂ ನಡೆದವನಲ್ಲ. ಈ ವಯಸ್ಸಿನಲ್ಲಿ ಪಂಚೆ ಎತ್ತಿ ಕಟ್ಟಿ, ಒಂದು ನಾಯಿಯ ಬಾಲ ನೋಡಿಕೊಂಡು, ಪಾತಿಯಿಂದ ಪಾತಿಗೆ ಏದುಸಿರು ಬಿಡುತ್ತ ಓಡಿದೆ.

ನಿಜ ಹೇಳಬೇಕೆಂದರೆ ಅಷ್ಟು ಖುಷಿಯಾಗಿ ನಾನು ಬಹಳ ಕಾಲದಿಂದ ಇರಲಿಲ್ಲ. ಅದಕ್ಕೂ ನಾಚಿಕೆಯಾಯಿತು.

ನಾಯಿ ದಿನೇ ದಿನೇ ಬೇರೆಯೇ ಆಯಿತು. ಅಂಗಾಲು ಮೊದಲು ಸುಲಿದು, ಆಮೇಲೆ ಗಟ್ಟಿಯಾಯಿತು. ಬಚ್ಚಲು ಬಿಟ್ಟು ಕೊಬ್ಬರಿ ಅಟ್ಟದ ಕೆಳಗೆ, ಗಾಳಿ ಆಡುವ ಕಡೆ, ತಾನೇ ಜಾಗ ಮಾಡಿಕೊಂಡಿತು. ಮೊದಲು ಮೂಸಿ ಮುಖ ತಿರುಗಿಸುತ್ತಿದ್ದ ರಾಗಿಮುದ್ದೆಯನ್ನು ಮಜ್ಜಿಗೆಯಲ್ಲಿ ಹಿಸುಕಿ ಕೊಟ್ಟರೆ ತಟ್ಟೆ ನೆಕ್ಕಿ ಹೊಳೆಯುವಂತೆ ಮಾಡುತ್ತಿತ್ತು. ರಾಶಿಯ ಹತ್ತಿರ "ಹೋ" ಎಂದರೆ ನಿಲ್ಲುವುದು, ಹಗ್ಗ ಬಿಚ್ಚಿದರೆ ತಾನೇ ಮುಂದಿನ ಗರಿಯ ಬಳಿಗೆ ಹೋಗಿ ಕಾಯುವುದು ಕಲಿಯಿತು. ಸಂಜೆಯ ಊಳು ನಿಂತೇಹೋಯಿತು. ಬೆಳಿಗ್ಗೆ ಎದೆಪಟ್ಟಿ ಕಂಡಾಗ ಮಾತ್ರ ಒಂದು ಸಲ ಕೂಗುತ್ತಿತ್ತು, ಅದು ಸಂತೋಷಕ್ಕೆ. ಚಿಕ್ಕಮ್ಮನೂ ಚೇತರಿಸಿಕೊಂಡು ಎದ್ದು ಕೂತರು. "ಅದು ನನ್ನ ಕರೀತಿರ್ಲಿಲ್ಲ ಬುಡು, ಕೆಲ್ಸ ಕೇಳ್ತಿತ್ತು" ಎಂದರಂತೆ, ವಿಷಯವನ್ನು ಗುಟ್ಟಾಗಿ ತಿಳಿಸಿದ್ದ ನನ್ನ ಹೆಂಡತಿಯ ಹತ್ತಿರ.

ಎಲ್ಲ ಸರಿಹೋಗಿತ್ತು, ನನ್ನ ಒಂದು ಷರತ್ತಿನ ಹೊರತು. ಹಾಲಿನ ವ್ಯಾನು ಬರುವುದರೊಳಗೆ, ತೋಟದ ಆಚೆ ತುದಿಯಲ್ಲಿ, ಯಾರೂ ಇಲ್ಲದಾಗ ಮಾತ್ರ ಈ ಕೆಲಸ. ಯಾರ ತಲೆ ಕಂಡರೂ ಪಟ್ಟಿ ಬಿಚ್ಚಿ, ಗರಿ ಬೀಳುವುದನ್ನು ತಾತ್ವಿಕವಾಗಿ ವೀಕ್ಷಿಸುತ್ತಿರುವವನ ಹಾಗೆ ಮರದ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ.

ಒಂದು ಭಾನುವಾರ ಹೆಂಡತಿಯ ತಮ್ಮ ಹೇಳದೆ ಬಂದ. ತುಮಕೂರಿಗೆ ವಾಪಸ್ ವರ್ಗವಾಗಿತ್ತು. ಜಗಲಿಯ ಮೇಲೆ ದಾಯಾದಿ ತಮ್ಮನೂ, ತಿಪಟೂರಿನ ಕೊಬ್ಬರಿ ಮಂಡಿಯ ಇಬ್ಬರು ದೊಡ್ಡ ಮನುಷ್ಯರೂ ಕೂತಿದ್ದರು. ನಾಯಿ ಓಡಿಬಂದು ಅವನ ಮೇಲೆ ಹತ್ತಿತು. ಅವನು ಅದರ ತೋಳು, ಎದೆ ಮುಟ್ಟಿ ನೋಡಿ ಬೆರಗಾದ.

"ಗಟ್ಟಿಮುಟ್ಟಾಗಿದೆಯಲ್ಲ ಭಾವ! ಇಲ್ಲಿ ಇದಕ್ಕೆ ಹೊಂದಿಕೆ ಆಗಿದೆಯಾ? ಹಾಗಿದ್ರೆ ನಾನು ಕಿತ್ಕೊಂಡು ಹೋಗಲ್ಲ, ಇಲ್ಲೇ ಇರ್ಲಿ. ದಿನವೆಲ್ಲಾ ಏನ್ ಮಾಡ್ಕೊಂಡಿರತ್ತೆ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನ ಮುಖ ನೋಡಿದಳು. ಮಂಡಿಯವರಿಬ್ಬರೂ ಕುತೂಹಲದಿಂದ ನನ್ನ ಕಡೆ ತಿರುಗಿದರು.

"ಏನು ಮಾಡುತ್ತೆ? ಮಲಗಿರುತ್ತೆ" ಎಂದೆ.

"ಅಷ್ಟೇನಾ? ಮಲಗೋದಾದ್ರೆ ನಮ್ಮನೇಲಿ ಏಸೀಲಾದ್ರೂ ಮಲಗುತ್ತೆ. ಸುಮ್ನೆ ನಿಮಗ್ಯಾಕೆ ತೊಂದ್ರೆ" ಎಂದ. ಒಂದು ಮಾತು ಸೇರಿಸಲು ನನಗೆ ಬೇಕಾದಷ್ಟು ಸಮಯವಿತ್ತು. ಅವನು ಊಟ ಮಾಡಿದ, ಎಳನೀರು ಕುಡಿದ, ಒಂದು ಮೂಟೆ ಕಾಯಿ ಡಿಕ್ಕಿಗೆ ಹಾಕಿಸಿಕೊಂಡ. ನಾಯಿ ಹಿಂದಿನ ಸೀಟಿನಲ್ಲಿ ಕೂತು, ಕಾರು ಗೇಟು ದಾಟುವವರೆಗೂ ಹಿಂದಿನ ಗಾಜಿನಿಂದ ತೋಟವನ್ನು ನೋಡುತ್ತಿತ್ತು.

ಬಂದವರೆಲ್ಲ ಹೋದ ಮೇಲೆ ನನ್ನ ಹೆಂಡತಿ "ಅದು ಮಲಗಿತ್ತಾ?" ಎಂದಳು, ಅಷ್ಟೆ. ಮಾರನೇ ದಿನದಿಂದ ಗರಿಗಳನ್ನು ತಾನೇ ಎಳೆಯಲು ಶುರುಮಾಡಿದಳು. ಆಳುಗಳಿಗೆ ಬೇಡವೆಂದಳು. ಬೆಳಗಿನ ಜಾವದಲ್ಲಲ್ಲ, ಹತ್ತು ಗಂಟೆಯ ಬಿಸಿಲಿನಲ್ಲಿ, ಜಗಲಿಯಲ್ಲಿ ಜನ ತುಂಬಿದಾಗ, ಅಂಗಳದ ನಡುವಿನಿಂದಲೇ. ನಾನು ಯಾರದೋ ಬದುವಿನ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದರೆ ಎದುರಿಗೆ ಸರಸರ ಸರಸರ.

"ಯಾಕಮ್ಮ ನೀವು ಎಳೀತೀರಾ?" ಎಂದು ಯಾರೋ ಕೇಳಿದರು.

"ಮಲಗಿರೋರು ಮಲಗಿರ್ಲಿ ಬುಡಪ್ಪ" ಎಂದಳು.

ಕೆಲವು ವಾರಗಳ ನಂತರ ಅರಳಗುಪ್ಪೆ ಕಡೆಯ ಅಣ್ಣತಮ್ಮಂದಿರಿಬ್ಬರು ಒಂದು ದಾರಿಯ ತಕರಾರು ಹೊತ್ತು ಬಂದಿದ್ದರು. ಅವರ ಪರ, ಇವರ ಪರ ಎಂದು ಜಗಲಿ ತುಂಬ ಜನ. ನಾನು ಮನುಷ್ಯ ತಪ್ಪು ಒಪ್ಪಿಕೊಂಡರೆ ಸಣ್ಣವನಾಗುವುದಿಲ್ಲ ಎಂಬ ವಿಷಯವಾಗಿ ಅಣ್ಣನಿಗೆ ಬೋಧಿಸುತ್ತಿದ್ದೆ. ಆಗ ಫೋನು ಬಂತು. ನಮ್ಮಲ್ಲಿ ಸಿಗ್ನಲ್ ಸಿಗುವುದು ಜಗಲಿಯಲ್ಲಿ ಮಾತ್ರ. ನನಗೆ ಕೇಳಿಸುವುದು ಸ್ಪೀಕರ್ ಹಾಕಿದರೆ ಮಾತ್ರ.

"ಭಾವ, ಇದು ಏನೂ ತಿಂತಿಲ್ಲ" ಎಂದ ಹೆಂಡತಿಯ ತಮ್ಮ. "ಸಂಜೆ ಆದ್ರೆ ಊಳಿಡತ್ತೆ, ಅಪಾರ್ಟ್‌ಮೆಂಟಿನವರು ದಿನಾ ಜಗಳ. ಮರಿ ಮಾಡಿಸೋರು ಒಬ್ರು ಕೇಳಿದಾರೆ, ಗೂಡಲ್ಲಿಟ್ಟು ನೋಡ್ಕೋತಾರಂತೆ. ಸಂಜೆ ಬಂದು ತಗೊಂಡು ಹೋಗ್ತಾರೆ. ಅಕ್ಕಂಗೆ ಹೇಳೋಕೆ ನಂಗೆ ಧೈರ್ಯ ಇಲ್ಲ, ನೀವೇ ಹೇಳ್ಬಿಡಿ."

ಅಕ್ಕ ಕಾಫಿಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಯಾರಿಗೂ ಕಾಫಿ ಕೊಡಲಿಲ್ಲ. ಆಮೇಲೆ ಮಾಡ್ತೀನಿ ಎಂದು ಫೋನಿಡಬಹುದಿತ್ತು. ಆ ಮಾತು ನಾಲಗೆಯ ತುದಿಗೇ ಬಂದಿತ್ತು.

"ಕೊಡಬೇಡ" ಎಂದೆ. "ಅದು ಇಲ್ಲಿ ಮಲಗಿರ್ತಿರಲಿಲ್ಲ. ಗರಿ ಎಳೀತಿತ್ತು."

"ಸರಿಯಾಗಿ ಕೇಳ್ತಿಲ್ಲ ಭಾವ, ಜೋರಾಗಿ ಹೇಳಿ."

ಜೋರಾಗಿ ಹೇಳಿದೆ. ಎದೆಪಟ್ಟಿ ಹೊಲಿಸಿದ್ದು, ಬೆಳಿಗ್ಗೆ ಬೆಳಿಗ್ಗೆ ಗರಿ ಕಟ್ಟುತ್ತಿದ್ದದ್ದು, ಅದು ಮುಂದೆ ಓಡುತ್ತಿದ್ದದ್ದು, ನಾನು ಪಂಚೆ ಎತ್ತಿ ಕಟ್ಟಿ ಹಿಂದೆ ಓಡುತ್ತಿದ್ದದ್ದು, ಮುದ್ದೆ ಉಣ್ಣುತ್ತಿದ್ದದ್ದು, ಎಲ್ಲವನ್ನೂ ಜಗಲಿಯೆಲ್ಲ ಕೇಳುವಂತೆ ಕೂಗಿ ಹೇಳಿದೆ. ಯಾರೋ ಮೂಗಿನಲ್ಲಿ ನಕ್ಕದ್ದು ಕೇಳಿಸಿತು. ಕಿವಿ ಬಿಸಿಯಾಯಿತು.

"ಅವತ್ತು ನಾನು ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಜನ ಇದ್ರು."

"ಈಗ?"

"ಈಗ್ಲೂ ಇದಾರೆ."

"ಹಾಗಾದ್ರೆ ಸಂಜೆ ಒಳಗೆ ಬನ್ನಿ" ಎಂದ.

ಫೋನಿಟ್ಟಾಗ ಅರಳಗುಪ್ಪೆಯ ತಮ್ಮ ಕೇಳಿದ: "ದಿನಕ್ಕೆ ಎಷ್ಟು ಗರಿ ಎಳೀತದೆ ಯಜಮಾನ್ರೇ?" ಗೇಲಿಯೋ ವಿಚಾರಣೆಯೋ ತಿಳಿಯಲಿಲ್ಲ. ಅವನ ಅಣ್ಣ ಹೇಳಿದ: "ಎಷ್ಟಾದ್ರೂ ಎಳೀಲಿ ಬುಡ್ಲಾ. ನಮ್ಗೆ ಇಷ್ಟೊತ್ತು ಹೇಳ್ತಿದ್ದ ಬುದ್ಧೀನ ತಾವೇ ಮಾಡಿ ತೋರ್ಸಿದ್ರಲ್ಲ ಯಜಮಾನ್ರು, ಅದು ದೊಡ್ದು." ಅಂದು ನನ್ನ ತೀರ್ಪನ್ನು ಇಬ್ಬರೂ ಒಪ್ಪಲಿಲ್ಲ. ಅವರು ನಗುತ್ತ ಒಟ್ಟಿಗೇ ಎದ್ದು ಹೋದರು, ಅದನ್ನು ಬೇಕಾದರೆ ರಾಜಿ ಎನ್ನಬಹುದು.

ಅಂದು ಸಂಜೆಗೆ ಮೊದಲೇ, ತುಮಕೂರಿನ ಆ ಅಪಾರ್ಟ್‌ಮೆಂಟಿನ ಕೆಳಗೆ ಹೆಂಡತಿಯ ತಮ್ಮ ನಾಯಿಯನ್ನು ಲಿಫ್ಟಿನಲ್ಲಿ ಇಳಿಸಿ ತಂದ. ಶಾಂಪೂ ವಾಸನೆ, ನುಣುಪು ಕೂದಲು, ಅದರ ಒಳಗೆ ಮತ್ತೆ ಎಲುಬು. ಅದು ನನ್ನನ್ನು ಕಂಡು ಕೂಗಲಿಲ್ಲ, ಹಾರಲಿಲ್ಲ. ನಿಧಾನವಾಗಿ ಬಂದು ತನ್ನ ಭಾರವನ್ನೆಲ್ಲ ನನ್ನ ಮೊಣಕಾಲಿಗೆ ಒರಗಿಸಿ ನಿಂತಿತು. ಅದಕ್ಕೆ ನನ್ನ ಮೇಲೆ ಸಿಟ್ಟಿದ್ದಿದ್ದರೆ ಅನುಕೂಲವಾಗುತ್ತಿತ್ತು. ಸಿಟ್ಟಾದವರನ್ನು ಸಮಾಧಾನ ಮಾಡಿಯೇ ಕೂದಲು ನರೆತವನು ನಾನು. ಇದು ಏನನ್ನೂ ಕೇಳಲಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ಅದರ ತಲೆಯ ಮೇಲೆ ಕೈಯಿಟ್ಟುಕೊಂಡು ಗೇಟಿನ ಕಡೆ ನೋಡುತ್ತಿದ್ದೆ.

ಗೇಟಿನ ಸೆಕ್ಯೂರಿಟಿಯವನು ರಿಜಿಸ್ಟರು ಹಿಡಿದು ಬಂದ. ಸುತ್ತ ನಾಲ್ಕಾರು ಜನ, ಕೈಯಲ್ಲಿ ಮಕ್ಕಳು, ತರಕಾರಿ ಚೀಲ.

"ನಾಯಿ ಯಾರ್ದು ಸಾರ್?"

"ನಂದು" ಎಂದೆ. ಅವನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದೆ.